ಸ್ಮಾರ್ಟ್ ಟಿವಿ ಇದೆ, ಭಿನ್ನರಾಶಿ ಬರುತ್ತಿಲ್ಲ

ಪ್ರಶ್ನೆ: ಏಳನೇ ತರಗತಿಯ ಮಕ್ಕಳು ವಿಡಿಯೋ ಪಾಠವನ್ನು ಕಣ್ಣರಳಿಸಿ ನೋಡುತ್ತಾರೆ. ಲೆಕ್ಕ ಕೊಟ್ಟರೆ 1/2 + 1/3 = 2/5 ಎನ್ನುತ್ತಾರೆ. ಏನು ಮಾಡಲಿ?
– ಶಿಕ್ಷಕಿ, ಬ್ರಹ್ಮಾವರ

ಉತ್ತರ: ಮೇಡಂ, ಇದು ಅಸಡ್ಡೆಯಲ್ಲ. ಮೇಲಿನ, ಕೆಳಗಿನ ಅಂಕಿಗಳನ್ನು ಬೇರೆ ಬೇರೆ ಸಂಖ್ಯೆಗಳೆಂದೇ ತಿಳಿದು ಕೂಡಿಸುತ್ತಿದ್ದಾರೆ. ಕೋವಿಡ್‌ನಲ್ಲಿ ಶಾಲೆ ಮುಚ್ಚಿದ್ದಾಗ ಮಡಚಿ, ಕತ್ತರಿಸಿ ಕಲಿಯುವ ಹಂತ ಹಲವರಿಗೆ ತಪ್ಪಿಹೋಯಿತು. ಟಿವಿ ಆಫ್ ಮಾಡಿ, ಪ್ರತಿ ಮಗುವಿಗೂ 12 ಸೆಂ.ಮೀ. ಉದ್ದದ ಕಾಗದದ ಪಟ್ಟಿ ಕೊಡಿ. ಅರ್ಧ 6 ಸೆಂ.ಮೀ., ಮೂರನೇ ಒಂದು ಭಾಗ 4. ಒಟ್ಟು 10, ಅಂದರೆ 10/12, ಅದೇ 5/6. ಅವರ 2/5 ಅಳೆದರೆ ಬರೀ 4.8 ಸೆಂ.ಮೀ., ಅರ್ಧಕ್ಕಿಂತಲೂ ಕಡಿಮೆ! ಇದು ಅವರ ಕಣ್ಣಿಗೇ ಬೀಳಲಿ, ನೀವು ಹೇಳಬೇಡಿ. ವಿಡಿಯೋ ಆಮೇಲೆ, ಮೂರು ನಿಮಿಷಕ್ಕೊಮ್ಮೆ ನಿಲ್ಲಿಸಿ ಮುಂದಿನ ಹೆಜ್ಜೆ ಬರೆಸಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ; ಶಾಲಾ ಪಾಠಗಳ ಸರ್ಕಾರಿ ಆ್ಯಪ್ ದೀಕ್ಷಾದಿಂದ ವಿಡಿಯೋವನ್ನು ಹಿಂದಿನ ದಿನವೇ ಮೊಬೈಲಿಗೆ ಇಳಿಸಿಕೊಳ್ಳಿ.