ಕೂತೇ ದುಡಿಯುವವರ ಮೈಕೈ ನೋವು: ಓದುಗರ ಪ್ರಶ್ನೆ, ನಮ್ಮ ಉತ್ತರ

ದಿನಕ್ಕೆ ಎಂಟು ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವ ಬೆಂಗಳೂರಿನ ಓದುಗರಿಂದ ಬಂದ ಪತ್ರಗಳಲ್ಲಿ ಆರನ್ನು ಈ ಸಲ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಮನೆಯಿಂದಲೇ ಕೆಲಸ. ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಕತ್ತು, ಬಲ ಹೆಗಲು ಕಲ್ಲಿನಂತಾಗುತ್ತವೆ. ಇಪ್ಪತ್ತು ಸಾವಿರ ಕೊಟ್ಟು ಆಫೀಸ್ ಕುರ್ಚಿ ತಂದರೂ ನೋವು ಹೋಗಿಲ್ಲ. ನನ್ನ ಎತ್ತರ 5 ಅಡಿ 1 ಇಂಚು. ಬೇರೆ ಕುರ್ಚಿ ತರಬೇಕೇ?
— ಓದುಗರು, ವಿಜಯನಗರ

ಉತ್ತರ: ಬೇಡ. ತೊಂದರೆ ಇರುವುದು ಲ್ಯಾಪ್‌ಟಾಪಿನಲ್ಲಿ ಮತ್ತು ಟೇಬಲ್ಲಿನ ಎತ್ತರದಲ್ಲಿ.

ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಬೋರ್ಡೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕಣ್ಣಿಗೆ ಸರಿಯಾಗಿ ಎತ್ತಿದರೆ ಕೈ ಮೇಲೆ ಹೋಗುತ್ತದೆ, ಕೈಗೆ ಸರಿಯಾಗಿ ಇಟ್ಟರೆ ಕತ್ತು ಬಾಗುತ್ತದೆ. ನಮ್ಮ ತಲೆಯ ತೂಕ ಸುಮಾರು 5 ಕೆ.ಜಿ. ನೆಟ್ಟಗಿದ್ದಾಗ ಆ ಭಾರ ಬೆನ್ನುಮೂಳೆಯ ಮೇಲೆ ಕೂರುತ್ತದೆ. ಮುಂದಕ್ಕೆ ಬಾಗಿದಾಗ ಅದನ್ನು ಹಿಂದಿನಿಂದ ಎಳೆದು ಹಿಡಿಯುವ ಕೆಲಸ ಕತ್ತಿನ ಸ್ನಾಯುಗಳ ಮೇಲೆ ಬೀಳುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ನಡೆಯುವುದಕ್ಕೂ ಕೈ ಚಾಚಿ ಹಿಡಿದು ನಿಲ್ಲುವುದಕ್ಕೂ ಎಷ್ಟು ವ್ಯತ್ಯಾಸವಿದೆಯೋ ಇಲ್ಲಿಯೂ ಅಷ್ಟೇ. ಆದ್ದರಿಂದ ಮೊದಲು ಬೇಕಾದದ್ದು ಬೇರೆ ಕೀಬೋರ್ಡ್ ಮತ್ತು ಮೌಸ್. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೈಯಿಟ್ಟು ನೋಡಿ ಆರಿಸಬಹುದು, ದುಬಾರಿಯದು ಬೇಕಿಲ್ಲ. ಅಂಕಿಗಳ ಕೆಲಸ ಇಲ್ಲದಿದ್ದರೆ ಬಲಗಡೆ ನಂಬರ್ ಪ್ಯಾಡ್ ಇಲ್ಲದ ಕೀಬೋರ್ಡನ್ನೇ ಕೊಳ್ಳಿ. ಆ ಪ್ಯಾಡ್ ಮೌಸನ್ನು ನಾಲ್ಕು ಬೆರಳಷ್ಟು ಹೊರಕ್ಕೆ ತಳ್ಳುತ್ತದೆ. ದಿನವಿಡೀ ಕೈ ಹೊರಚಾಚಿದರೆ ಬಲ ಹೆಗಲು ಹಿಡಿಯದೇ ಇರದು.

ಇನ್ನು ಅಳತೆ. ಬೆನ್ನು ಒರಗಿಸಿ ಕೂತು, ಭುಜ ಸಡಿಲ ಬಿಟ್ಟು, ಮೊಣಕೈ ಮಡಿಸಿ. ಕೀಬೋರ್ಡಿನ ನಡುಸಾಲು ಮೊಣಕೈ ಮಟ್ಟದಲ್ಲಿರಬೇಕು, ಇಲ್ಲವೇ ಒಂದು ಬೆರಳಗಲ ಕೆಳಗೆ. ಊಟದ ಟೇಬಲ್ಲುಗಳು ಸಾಮಾನ್ಯವಾಗಿ 30 ಇಂಚು ಎತ್ತರ. ನಿಮ್ಮ ಎತ್ತರದವರು ಪಾದ ನೆಲಕ್ಕೂರಿ ಕೂತರೆ ಮೊಣಕೈ ನೆಲದಿಂದ ಸುಮಾರು 24 ಇಂಚಿನಲ್ಲಿರುತ್ತದೆ. ನಡುವಿನ ಐದಾರು ಇಂಚು ತುಂಬಲು ನಿಮಗೆ ಗೊತ್ತಿಲ್ಲದೆಯೇ ಭುಜ ಎತ್ತಿ ಟೈಪ್ ಮಾಡುತ್ತಿದ್ದೀರಿ. ಮಧ್ಯಾಹ್ನಕ್ಕೆ ಕಲ್ಲಾಗುವುದು ಹಾಗೆ ಎತ್ತಿ ಹಿಡಿದ ಸ್ನಾಯುಗಳೇ.

ಕುರ್ಚಿಯನ್ನು ಅಷ್ಟು ಏರಿಸಿ. ಈಗ ಪಾದ ನೇತಾಡುತ್ತವೆ, ಸೀಟಿನ ಅಂಚು ತೊಡೆಯ ಅಡಿಭಾಗವನ್ನು ಒತ್ತಿ ಕಾಲು ಜೋಮು ಹಿಡಿಯುತ್ತದೆ. ಹಾಗಾಗಿ ಏರಿಸಿದಷ್ಟೇ ಎತ್ತರದ ಆಸರೆ ಪಾದದ ಕೆಳಗೆ ಬೇಕು. ಮನೆಯಲ್ಲಿ ಊಟದ ಮಣೆಗಳಿದ್ದರೆ ಎರಡನ್ನು ಒಂದರ ಮೇಲೊಂದು ಇಡಿ. ಜಾರದಂತೆ ನಡುವೆಯೂ ಕೆಳಗೂ ಹಳೆಯ ಯೋಗ ಮ್ಯಾಟಿನ ತುಂಡು ಹಾಕಿ. ಸೀಟಿನ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಮೂರು ಬೆರಳು ತೂರುವಷ್ಟು ಜಾಗವಿರಲಿ. ದೊಡ್ಡ ಕುರ್ಚಿಗಳ ಸೀಟು ನಿಮ್ಮ ಎತ್ತರಕ್ಕೆ ಉದ್ದವಾಗಿರುತ್ತದೆ. ಅದಕ್ಕೇ ಬೆನ್ನು ಒರಗುವುದಿಲ್ಲ, ಅಂಚಿಗೆ ಕೂರುವ ಅಭ್ಯಾಸ ಬೀಳುತ್ತದೆ. ಟವೆಲ್ ಸುತ್ತಿ ಸೊಂಟದ ಹಿಂದೆ ಇಟ್ಟರೆ ಸರಿಹೋಗುತ್ತದೆ.

ಪರದೆಯ ಮೇಲಂಚು ಕಣ್ಣಿನ ನೇರಕ್ಕೆ ಬರುವವರೆಗೆ ಲ್ಯಾಪ್‌ಟಾಪಿನ ಕೆಳಗೆ ಪುಸ್ತಕ ಪೇರಿಸಿ. ಕೈ ಚಾಚಿದರೆ ಬೆರಳತುದಿ ಪರದೆಗೆ ತಾಗುವಷ್ಟು ದೂರ ಸಾಕು. ಕೀಬೋರ್ಡಿನ ಹಿಂದಿನ ಪುಟ್ಟ ಕಾಲುಗಳನ್ನು ಎತ್ತಿ ನಿಲ್ಲಿಸಬೇಡಿ, ನಿಲ್ಲಿಸಿದರೆ ಮಣಿಕಟ್ಟು ಮೇಲ್ಮುಖವಾಗಿ ಮಡಿಯುತ್ತದೆ.

ವ್ಯಾಯಾಮ ಒಂದನ್ನೇ ಹೇಳುತ್ತೇವೆ, ಅದನ್ನು ಸರಿಯಾಗಿ ಮಾಡಿ. ಗೋಡೆಗೆ ಬೆನ್ನು ಕೊಟ್ಟು ನಿಂತು, ನೋಟ ಎದುರಿಗೇ ಇಟ್ಟು, ಗದ್ದವನ್ನು ನೇರ ಹಿಂದಕ್ಕೆ ಎಳೆಯಿರಿ. ಗದ್ದದಡಿ ಇನ್ನೊಂದು ಗದ್ದ ಮೂಡಿದಂತೆ ಕಂಡರೆ ಸರಿಯಾಗಿದೆ ಎಂದರ್ಥ. 5 ಸೆಕೆಂಡ್ ಹಿಡಿದು ಬಿಡಿ. 10 ಸಲ, ದಿನಕ್ಕೆ ಮೂರು ಹೊತ್ತು. ಗದ್ದವನ್ನು ಎದೆಯ ಕಡೆ ಬಗ್ಗಿಸುವುದು ಹೆಚ್ಚಿನವರು ಮಾಡುವ ತಪ್ಪು. ಅದು ದಿನವೆಲ್ಲ ಬಾಗಿದ ಕತ್ತನ್ನು ಮತ್ತೆ ಬಾಗಿಸಿದಂತೆ.

ಸಲೂನಿನಲ್ಲಿ ಕತ್ತಿನ ನೆಟಿಕೆ ಮಾತ್ರ ತೆಗೆಸಿಕೊಳ್ಳಬೇಡಿ. ದಯವಿಟ್ಟು ಇದನ್ನು ಮನೆಯವರಿಗೂ ಹೇಳಿ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಕತ್ತಿನ ಮೂಳೆಗಳ ಒಳಗೇ ಹಾದುಹೋಗುತ್ತವೆ. ತಲೆಯನ್ನು ತಟಕ್ಕನೆ ತಿರುಚಿದಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆಗಿರುವುದುಂಟು. ನೋವು ತೋಳಿಗೆ ಇಳಿಯುತ್ತಿದ್ದರೆ ಅಥವಾ ಕೈಯ ಹಿಡಿತ ಸಡಿಲವಾಗುತ್ತಿದ್ದರೆ ವ್ಯಾಯಾಮ ನಿಲ್ಲಿಸಿ ಮೂಳೆ ಇಲ್ಲವೇ ನರರೋಗ ವೈದ್ಯರಿಗೆ ತೋರಿಸಿ.

ಇಷ್ಟೆಲ್ಲ ಹೊಂದಿಸಿದ ಮೇಲೂ ಅಲ್ಲಾಡದೆ ಎರಡು ಗಂಟೆ ಕೂತರೆ ನೋವು ಮರಳಿ ಬರುತ್ತದೆ. ಎಷ್ಟೇ ಒಳ್ಳೆಯ ಭಂಗಿಯೂ ಅರ್ಧ ಗಂಟೆ ದಾಟಬಾರದು. ಎದ್ದು ಅಡುಗೆಮನೆವರೆಗೆ ಹೋಗಿಬಂದರೂ ಆಯಿತು.

ಪ್ರಶ್ನೆ: ವಯಸ್ಸು 42. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರುವ ರಕ್ತ ಪರೀಕ್ಷೆ) 6.1 ಬಂದಿದೆ. ಮಾತ್ರೆ ಶುರುವಾಗಿಲ್ಲ. ದಿನಾ ಬೆಳಿಗ್ಗೆ ಲಾಲ್‌ಬಾಗಿನಲ್ಲಿ 45 ನಿಮಿಷ ತಪ್ಪದೆ ನಡೆಯುತ್ತೇನೆ, ಆಮೇಲೆ ಆಫೀಸಿನಲ್ಲಿ ಹತ್ತು ಗಂಟೆ ಕೂತ ಕೆಲಸ. ಇಷ್ಟು ನಡೆದರೂ ಸಕ್ಕರೆ ಯಾಕೆ ಇಳಿಯುತ್ತಿಲ್ಲ?
— ಓದುಗರು, ಜಯನಗರ

ಉತ್ತರ: 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು. ಹಿಂದಕ್ಕೆ ಬರಲು ಇನ್ನೂ ದಾರಿಯಿದೆ. ವಾರಕ್ಕೆ 150ರಿಂದ 300 ನಿಮಿಷ ಚುರುಕಿನ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ನೀವು ಆಗಲೇ 315 ನಿಮಿಷ ನಡೆಯುತ್ತಿದ್ದೀರಿ. ನಡಿಗೆಯನ್ನು ಬಿಡಬೇಡಿ, ಹೆಚ್ಚಿಸಬೇಕಾಗಿಯೂ ಇಲ್ಲ. ಸರಿಮಾಡಬೇಕಾದದ್ದು ಉಳಿದ ಹತ್ತು ಗಂಟೆಯನ್ನು.

ಊಟದ ಸಕ್ಕರೆ ರಕ್ತದಲ್ಲಿ ಏರುವುದು ಮುಂದಿನ ಒಂದೆರಡು ಗಂಟೆಯಲ್ಲಿ. ತೊಡೆ ಮತ್ತು ಮೀನಖಂಡದ ಸ್ನಾಯುಗಳು ಕೆಲಸ ಮಾಡುವಾಗ ಇನ್ಸುಲಿನ್ ನೆರವಿಲ್ಲದೆಯೂ ಆ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತವೆ. ಕೂತಾಗ ಆ ಬಾಗಿಲು ಮುಚ್ಚುತ್ತದೆ. ಬೆಳಿಗ್ಗೆ ಆರಕ್ಕೆ ನಡೆದದ್ದು ಮಧ್ಯಾಹ್ನ ಒಂದೂವರೆಯ ಅನ್ನಕ್ಕೆ ಪೂರ್ತಿ ಉತ್ತರವಾಗುವುದಿಲ್ಲ. ಬೆಳಗಿನ 45ರಲ್ಲಿ 15 ನಿಮಿಷ ಕಡಿಮೆ ಮಾಡಿ ಅದನ್ನೇ ಊಟದ ನಂತರಕ್ಕೆ ಹಾಕಿ. ಕೈ ತೊಳೆದು ನೇರ ಕುರ್ಚಿಗೆ ಹೋಗದೆ ಕಟ್ಟಡದ ಸುತ್ತ ಒಂದು ಸುತ್ತು ಬನ್ನಿ. ಆಮೇಲೆ ಅರ್ಧ ಗಂಟೆಗೊಮ್ಮೆ ಎರಡು ಮೂರು ನಿಮಿಷ ಓಡಾಡಿ. ಫೋನಿನ ಅಲಾರಂ ಒಂದು ವಾರ ಕೇಳಿಸುತ್ತದೆ, ಆಮೇಲೆ ಕಿವಿಗೇ ಬೀಳುವುದಿಲ್ಲ. ಅದರ ಬದಲು ಒಂದು ಲೀಟರಿನ ಬಾಟಲಿ ತೆಗೆದಿಟ್ಟು ಸಣ್ಣ ಲೋಟದಲ್ಲಿ ನೀರು ಕುಡಿಯಿರಿ; ಪ್ರತಿ ಸಲ ಎದ್ದೇ ಹೋಗಬೇಕಾಗುತ್ತದೆ. ಎದ್ದು ಹೋಗಲಾಗದ ಮೀಟಿಂಗಿನಲ್ಲಿ ಮೇಜಿನ ಕೆಳಗೆ ಹಿಮ್ಮಡಿ ಎತ್ತಿ ಇಳಿಸುವುದನ್ನಾದರೂ 30 ಸಲ ಮಾಡಿ.

ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವೂ ಬೇಕು, ಬರೀ ವಾಕಿಂಗ್ ಮಾಡುವವರೆಲ್ಲ ಬಿಟ್ಟಿರುವುದು ಇದನ್ನೇ. ಸಕ್ಕರೆ ಶೇಖರವಾಗುವ ದೊಡ್ಡ ಉಗ್ರಾಣ ಸ್ನಾಯು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 10 ಸಲ, ಗೋಡೆಗೆ ಕೈಯಿಟ್ಟು ದಂಡ 10 ಸಲ. ನಡುವೆ ಒಂದು ನಿಮಿಷ ಬಿಟ್ಟು ಹೀಗೆ ಮೂರು ಸುತ್ತು. ಮೂರು ವಾರಕ್ಕೆ ಅದು ಸಲೀಸಾದರೆ ಬಸ್ಕಿಗೆ ಬನ್ನಿ. ಏಳುವಾಗ ಉಸಿರು ಬಿಡಿ; ಉಸಿರು ಕಟ್ಟಿದರೆ ರಕ್ತದೊತ್ತಡ ಏರುತ್ತದೆ.

ಕಾಫಿಯನ್ನೂ ಲೆಕ್ಕ ಹಾಕಿ. ಒಂದು ಕಾಫಿಗೆ ಎರಡು ಚಮಚ ಸಕ್ಕರೆ ಎಂದರೆ 8ರಿಂದ 10 ಗ್ರಾಂ, ನಾಲ್ಕು ಕಾಫಿಗೆ 40 ಗ್ರಾಂವರೆಗೆ ಆಯಿತು. ದರ್ಶಿನಿಯಲ್ಲಿ ಸಕ್ಕರೆ ಬೇಡವೆಂದು ಮೊದಲೇ ಹೇಳಿ. ಸೊಂಟದ ಸುತ್ತಳತೆಯನ್ನೂ ಟೇಪಿನಲ್ಲಿ ಅಳೆಯಿರಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ, ಹೆಂಗಸರಿಗೆ 80 ಸೆಂ.ಮೀ ದಾಟಬಾರದು. ಮುಂದಿನ ಎಚ್‌ಬಿಎ1ಸಿ ಮೂರು ತಿಂಗಳ ನಂತರ ಮಾಡಿಸಿ. ಈ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು, ಆ ಕಣಗಳ ಆಯುಸ್ಸು ಸುಮಾರು 120 ದಿನ. ತಿಂಗಳಿಗೇ ಮಾಡಿಸಿದರೆ ಹಳೆಯ ಲೆಕ್ಕವೇ ಕಾಣುತ್ತದೆ.

ಪ್ರಶ್ನೆ: ಸಂಜೆಯಾದರೆ ಕಣ್ಣು ಉರಿ, ಮಂಜುಮಂಜು. ಕನ್ನಡಕದ ಪವರ್ ಸರಿಯಿದೆ ಎಂದಿದ್ದಾರೆ.
— ಓದುಗರು, ಮಲ್ಲೇಶ್ವರ

ಉತ್ತರ: ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದು ಬಹಳ ಕಡಿಮೆಯಾಗುತ್ತದೆ, ಮಿಟುಕಿಸಿದ್ದೂ ಅರೆಬರೆ. ಕಣ್ಣೀರಿನ ತೆಳುಪದರ ಒಣಗಿ ಉರಿ ಬರುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗೆ 20 ಸೆಕೆಂಡ್ ನೋಡಿ, ಆಗಲೇ ಹತ್ತು ಸಲ ರೆಪ್ಪೆ ಪೂರ್ತಿ ಮುಚ್ಚಿ ತೆಗೆಯಿರಿ. ಎ.ಸಿ. ಗಾಳಿ ನೇರ ಮುಖಕ್ಕೆ ಬೀಳುತ್ತಿದ್ದರೆ ಜಾಗ ಬದಲಿಸಿ. ಕಿಟಕಿ ಪಕ್ಕಕ್ಕಿರಲಿ, ಬೆನ್ನ ಹಿಂದೆ ಬೇಡ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕವಿದ್ದರೆ ಪರದೆಯನ್ನು ಇನ್ನೂ ಸ್ವಲ್ಪ ತಗ್ಗಿಸಬೇಕು, ಇಲ್ಲದಿದ್ದರೆ ಕೆಳಗಿನ ಗಾಜಿನಲ್ಲಿ ನೋಡಲು ಗದ್ದ ಎತ್ತಿ ಕತ್ತು ನೋಯುತ್ತದೆ. ಕೆಂಪು ಹೋಗಿಸುವ ಹನಿಗಳನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಹಾಕಿಕೊಳ್ಳಬೇಡಿ.

ಪ್ರಶ್ನೆ: ಡಿಸೈನ್ ಕೆಲಸ, ಇಡೀ ದಿನ ಮೌಸ್. ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೊಡವಿದರೆ ಸರಿಹೋಗುತ್ತದೆ. ಇದು ನರದ ತೊಂದರೆಯೇ?
— ಓದುಗರು, ಬನಶಂಕರಿ

ಉತ್ತರ: ಯಾವ ಬೆರಳು ಎಂಬುದೇ ಇಲ್ಲಿ ಮುಖ್ಯ. ಇವತ್ತು ರಾತ್ರಿ ಎಚ್ಚರವಾದಾಗ ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳಾದರೆ ಮಣಿಕಟ್ಟಿನ ಕಿರಿದಾದ ಸುರಂಗದಲ್ಲಿ ಹಾಯುವ ನರ ಒತ್ತುತ್ತಿದೆ. ಕೊಡವಿದರೆ ಹೋಗುವುದು ಇದರ ಗುರುತು. ಉಂಗುರಬೆರಳು, ಕಿರುಬೆರಳಾದರೆ ಒತ್ತಡ ಮೊಣಕೈ ಹತ್ತಿರ. ಕುರ್ಚಿಯ ಕೈ ಅಥವಾ ಮೇಜಿನ ಅಂಚಿಗೆ ಮೊಣಕೈ ಊರುವುದನ್ನು ಬಿಡಬೇಕು.

ಮೊದಲನೆಯದಾದರೆ ಮಲಗುವಾಗ ಮಣಿಕಟ್ಟು ಮಡಿಸದಂತೆ ನೆಟ್ಟಗಿಡುವ ಪಟ್ಟಿ ಕಟ್ಟಿಕೊಳ್ಳಿ, ನಾಲ್ಕರಿಂದ ಆರು ವಾರ. ಹಗಲಲ್ಲಿ ಕಟ್ಟಿ ಅದರಲ್ಲೇ ಮೌಸ್ ತಳ್ಳಬೇಡಿ, ಭಾರ ಹೆಗಲಿಗೆ ಹೋಗುತ್ತದೆ. ಮೌಸನ್ನು ಮಣಿಕಟ್ಟಿನಿಂದಲ್ಲ, ಮೊಣಕೈಯಿಂದ ಓಡಿಸಿ. ಬೈಕಿನಲ್ಲಿ ಓಡಾಡುವವರಾದರೆ ಟ್ರಾಫಿಕ್‌ನಲ್ಲಿ ಬ್ರೇಕ್ ಲಿವರ್ ಬಿಗಿ ಹಿಡಿಯುವುದೂ ಇದೇ ನರಕ್ಕೆ ಹೊರೆ; ಸಿಗ್ನಲ್ಲಿನಲ್ಲಿ ಕೈ ಬಿಟ್ಟು ಬೆರಳು ಚಾಚಿ. ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ, ಸಸ್ಯಾಹಾರಿಯಾದರೆ ಬಿ12 ಕೂಡ. ಹೆಬ್ಬೆರಳ ಬುಡದ ದಪ್ಪ ಮಾಂಸ ಎಡಗೈಗಿಂತ ತೆಳುವಾಗಿ ಕಂಡರೆ ಆರು ವಾರ ಕಾಯದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ರಾಜಾಜಿನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಕ್ಯಾಬಿನಲ್ಲಿ ಹೋಗಿಬರಲು ನಾಲ್ಕು ಗಂಟೆ. ವ್ಯಾಯಾಮಕ್ಕೆ ಹೊತ್ತೆಲ್ಲಿದೆ?
— ಓದುಗರು, ರಾಜಾಜಿನಗರ

ಉತ್ತರ: ಬೇರೆ ಹೊತ್ತು ಹುಡುಕಬೇಡಿ, ಪ್ರಯಾಣದಲ್ಲೇ ತೆಗೆಯಿರಿ. 2025ರ ಆಗಸ್ಟಿನಿಂದ ಮೆಟ್ರೊದ ಹಳದಿ ಮಾರ್ಗ ಓಡುತ್ತಿದೆ. ರಾಜಾಜಿನಗರದಲ್ಲಿ ಹಸಿರು ಮಾರ್ಗ ಹತ್ತಿ, ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಎಲೆಕ್ಟ್ರಾನಿಕ್ ಸಿಟಿ ತಲುಪಬಹುದು. ವಾರಕ್ಕೆ 150 ನಿಮಿಷ ಎಂದರೆ ದಿನಕ್ಕೆ 22 ನಿಮಿಷ ಅಷ್ಟೇ. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಆಫೀಸಿಗೆ ಬಿರುಸಾಗಿ ನಡೆದು, ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿದರೆ ಹೋಗಿಬರುವಷ್ಟರಲ್ಲಿ ಅದು ತುಂಬುತ್ತದೆ. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎನ್ನುವಷ್ಟು ವೇಗವಿರಲಿ. ಕ್ಯಾಬೇ ಗತಿಯಾದ ದಿನ ಮನೆಯಿಂದ ಒಂದು ಕಿಲೋಮೀಟರ್ ಮುಂಚೆ ಇಳಿದುಕೊಳ್ಳಿ.

ಪ್ರಶ್ನೆ: ನಿಂತು ಕೆಲಸ ಮಾಡುವ ಮೇಜು ತಂದಿದ್ದೇನೆ. ಈಗ ಆರು ಗಂಟೆ ನಿಂತೇ ಕೆಲಸ. ವಾರದಿಂದ ಕಾಲು ಊದುತ್ತಿದೆ.
— ಓದುಗರು, ಹೆಬ್ಬಾಳ

ಉತ್ತರ: ಕೂತಲ್ಲೇ ಕೂತದ್ದನ್ನು ನಿಂತಲ್ಲೇ ನಿಲ್ಲುವುದಕ್ಕೆ ಬದಲಿಸಿದ್ದೀರಿ. ಕಾಲಿನ ರಕ್ತವನ್ನು ಮೇಲಕ್ಕೆ ಹಿಂಡಿ ಕಳಿಸುವುದು ಮೀನಖಂಡದ ಸ್ನಾಯು, ಅದು ಹಿಂಡುವುದು ಹೆಜ್ಜೆ ಹಾಕಿದಾಗ. ಅಲುಗದೆ ನಿಂತರೆ ರಕ್ತ ಕೆಳಗೇ ನಿಂತು ಪಾದ ಊದುತ್ತದೆ. ಒಮ್ಮೆಗೆ 20–30 ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ, ಆಮೇಲೆ ಕೂತುಕೊಳ್ಳಿ. ಬದಲಿಸುವ ನಡುವೆ ಎರಡು ನಿಮಿಷ ನಡೆಯಿರಿ. ಒಂದು ಪಾದವನ್ನು ಸಣ್ಣ ಸ್ಟೂಲಿನ ಮೇಲಿಟ್ಟು ಆಗಾಗ ಕಾಲು ಬದಲಿಸಿದರೆ ಸೊಂಟಕ್ಕೂ ಹಿತ.

ಸಂಜೆ ಊದಿ ಬೆಳಿಗ್ಗೆ ಇಳಿಯುವ, ಎರಡೂ ಕಾಲಿನ ಊತ ಇದರಲ್ಲೇ ಕಡಿಮೆಯಾಗಬೇಕು. ಬೆಳಿಗ್ಗೆಯೂ ಇಳಿಯದಿದ್ದರೆ ವೈದ್ಯರ ಬಳಿ ಮೂತ್ರಪಿಂಡ, ಹೃದಯದ ಪರೀಕ್ಷೆ ಆಗಲಿ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತ, ಮುಟ್ಟಿದರೆ ಬಿಸಿ ಎನಿಸಿದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ನೀವಬೇಡಿ, ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಅದೇ ದಿನ ಆಸ್ಪತ್ರೆಗೆ ಹೋಗಿ ಕಾಲಿನ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಜೊತೆಗೆ ಉಸಿರಾಟ ಕಷ್ಟವಾದರೆ ಅಥವಾ ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ.