‘ಸ್ವಲ್ಪ ಕಷ್ಟವಾಯಿತು’ ಅಂದರೆ ಏನು?

ಎಲ್ಲ ಧರ್ಮಗಳ ಮಾತೂ ಒಂದೇ ಅನ್ನುವ ನಿಮ್ಮ ‘ಎಲ್ಲರೂ ಹೇಳಿದ್ದು ಒಂದನ್ನೇ’ ಲೇಖನ ತಲುಪಿತು. ಈ ಸಂಚಿಕೆಗೆ ಹಾಕುತ್ತಿಲ್ಲ. ಸಾಮಾನ್ಯವಾಗಿ ಹೀಗಾದಾಗ ಎರಡು ಸಾಲಿನ ಪತ್ರ ಬರೆದು ಮುಗಿಸುತ್ತೇನೆ. ನಿಮ್ಮದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಇಂಥದ್ದೇ ಲೇಖನಗಳು ನಮಗೆ ಆಗಾಗ ಬರುತ್ತವೆ. ಹಾಗಾಗಿ ನಿಮ್ಮ ಹೆಸರು ಹೇಳದೆ ಇಲ್ಲೇ ಉತ್ತರ ಬರೆಯುತ್ತಿದ್ದೇನೆ. ಬೇರೆಯವರೂ ಓದಲಿ.

ನಿಮ್ಮ ಭಾಷೆ ಚೆನ್ನಾಗಿದೆ. ಕಾಗುಣಿತದ ತಪ್ಪಿಲ್ಲ. ಧರ್ಮಗಳ ಹೆಸರಿನಲ್ಲಿ ಕೂಗಾಟವೇ ಜಾಸ್ತಿ ಆಗಿರುವಾಗ ಅವುಗಳನ್ನು ಹತ್ತಿರ ತರಬೇಕು ಅನ್ನುವ ಆಸೆ ಒಳ್ಳೆಯದೇ. ಹೊಗಳಿಕೆ ಇಷ್ಟು. ನದಿಗಳೆಲ್ಲ ಸಮುದ್ರ ಸೇರುವ ಹೋಲಿಕೆ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಮೊದಲ ಪುಟಕ್ಕೆ ಬರೋಣ. ಬುದ್ಧ, ಬಸವಣ್ಣ, ಕ್ರೈಸ್ತರ ಸಂತ ಪೌಲ, ಸೂಫಿ ಕವಿ ರೂಮಿ, ಉಪನಿಷತ್ತು ಎಲ್ಲರೂ ಅಲ್ಲೇ ಬಂದು ಹೋಗುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಯಾರಿಗೂ ಕೂರಲು ಜಾಗ ಕೊಟ್ಟಿಲ್ಲ.

‘ಪ್ರೀತಿಯನ್ನು ಹುಡುಕುವುದು ನಿನ್ನ ಕೆಲಸವಲ್ಲ, ಅದಕ್ಕೆ ಅಡ್ಡವಾಗಿ ನಿನ್ನೊಳಗೆ ನೀನೇ ಕಟ್ಟಿಕೊಂಡ ಗೋಡೆಗಳನ್ನು ಹುಡುಕು’ ಅಂತ ರೂಮಿ ಹೇಳಿದ್ದಾನೆ ಎಂದು ಬರೆದಿದ್ದೀರಿ. ಹೇಳಿಲ್ಲ. ಅದು 1976ರಲ್ಲಿ ಅಮೆರಿಕದಲ್ಲಿ ಅಚ್ಚಾದ ‘ಎ ಕೋರ್ಸ್ ಇನ್ ಮಿರಕಲ್ಸ್’ ಅನ್ನುವ ಪುಸ್ತಕದ ಸಾಲು. ರೂಮಿ ಈಗಿನ ಟರ್ಕಿಯ ಕೊನ್ಯಾದಲ್ಲಿ ತೀರಿಕೊಂಡಿದ್ದು 1273ರಲ್ಲಿ. ವಾಟ್ಸಾಪ್‌ನಲ್ಲಿ ಗುಲಾಬಿ ಚಿತ್ರದ ಕೆಳಗೆ ಯಾರ ಹೆಸರು ಹಾಕಿದರೂ ನಡೆಯುತ್ತದೆ. ಪತ್ರಿಕೆಯಲ್ಲಿ ನಡೆಯುವುದಿಲ್ಲ.

ಮುಂದಿನ ಸಾಲು: ‘ದೇಹವೇ ದೇಗುಲ ಎಂದ ಬಸವಣ್ಣ, ದೇಹವೇ ದೇವಾಲಯ ಎಂದ ಪೌಲ. ಇಬ್ಬರ ಮಾತೂ ಒಂದೇ.’ ಹೌದಾ? ಪೌಲ ಅದನ್ನು ಬರೆದದ್ದು ಗ್ರೀಸಿನ ಕೊರಿಂಥದಲ್ಲಿದ್ದ ಕ್ರೈಸ್ತರಿಗೆ ಕಳಿಸಿದ ಪತ್ರದಲ್ಲಿ. ಆ ಸಾಲಿನ ಹಿಂದೆ ಮುಂದೆ ಓದಿ ನೋಡಿ. ವೇಶ್ಯೆಯರ ಸಹವಾಸ ಬಿಡಿ ಅಂತ ಗದರುತ್ತಿದ್ದಾನೆ. ನಿಮ್ಮ ದೇಹ ನಿಮ್ಮ ಸ್ವಂತದ್ದಲ್ಲ, ಬೆಲೆ ಕೊಟ್ಟು ಕೊಂಡದ್ದು ಅನ್ನುತ್ತಾನೆ. ಬಸವಣ್ಣನವರ ವಚನ ಶುರುವಾಗುವುದೇ ‘ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡುವೆ ಬಡವನಯ್ಯಾ’ ಅಂತ. ಆ ಎರಡು ಸಾಲನ್ನು ನೀವು ಕತ್ತರಿಸಿ ಎಸೆದಿದ್ದೀರಿ. ‘ಸ್ಥಾವರಕ್ಕಳಿವುಂಟು’ ಅನ್ನುವುದನ್ನೂ ಬಿಟ್ಟಿದ್ದೀರಿ. ಬಸವಣ್ಣ ಗುಡಿ ಕಟ್ಟುವ ಶ್ರೀಮಂತರ ಎದುರು ನಿಂತಿದ್ದಾರೆ. ಪೌಲ ದಾರಿ ತಪ್ಪಿದ ತನ್ನವರಿಗೆ ಬುದ್ಧಿ ಹೇಳುತ್ತಿದ್ದಾನೆ. ಜಗಳವನ್ನು ತೆಗೆದುಹಾಕಿದರೆ ಎರಡೂ ಕ್ಯಾಲೆಂಡರಿನ ಸಾಲುಗಳೇ. ಆಗ ಒಂದೇ ಥರ ಕಾಣಿಸುವುದರಲ್ಲಿ ಆಶ್ಚರ್ಯವೇನಿದೆ?

‘ಆತ್ಮವನ್ನು ಅರಿಯಿರಿ ಎಂದವು ಉಪನಿಷತ್ತುಗಳು, ಬುದ್ಧನೂ ಅದನ್ನೇ ಎಂದ.’ ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಸಾರನಾಥದಲ್ಲಿ ಐವರು ಶಿಷ್ಯರಿಗೆ ಬುದ್ಧ ಹೇಳಿದ್ದೇ ಬೇರೆ. ದೇಹ ನೋಡಿ, ಸುಖದುಃಖ ನೋಡಿ, ಅರಿವನ್ನೂ ನೋಡಿ, ಇದ್ಯಾವುದನ್ನೂ ‘ನಾನು’ ಅನ್ನಲು ಬರುವುದಿಲ್ಲ ಅಂದ. ಈ ವಿಷಯಕ್ಕೆ ಎರಡೂ ಕಡೆಯ ಪಂಡಿತರು ಶತಮಾನಗಟ್ಟಲೆ ವಾದ ಮಾಡಿದ್ದಾರೆ. ನೀವು ಒಂದು ಅಲ್ಪವಿರಾಮ ಹಾಕಿ ರಾಜಿ ಮಾಡಿಸಿಬಿಟ್ಟಿರಿ.

ನಾನು ಕೆಲಸ ಕಲಿತದ್ದು ಹುಬ್ಬಳ್ಳಿಯ ಒಂದು ಮಾಸಪತ್ರಿಕೆಯಲ್ಲಿ, ಕರಡು ತಿದ್ದುವ ಹುಡುಗನಾಗಿ. ದೀಪಾವಳಿ ವಿಶೇಷಾಂಕ ಹತ್ತಿರ ಬಂದಾಗ ಇಂಥ ಲೇಖನಗಳು ರಾಶಿ ಬೀಳುತ್ತಿದ್ದವು. ನಮ್ಮ ಸಂಪಾದಕರು ಮಾತು ಕಡಿಮೆ. ಪ್ರತಿ ಉಲ್ಲೇಖದ ಪಕ್ಕ ಕೆಂಪು ಪೆನ್ಸಿಲಿನಲ್ಲಿ ‘ಯಾರಿಗೆ?’ ಅಂತ ಬರೆದು ನನ್ನ ಮೇಜಿಗೆ ತಳ್ಳುತ್ತಿದ್ದರು. ಹೇಳಿದವರು ಯಾರು ಅಂತಲ್ಲ, ಯಾರಿಗೆ ಹೇಳಿದ್ದು ಅಂತ. ಅದನ್ನು ಪತ್ತೆ ಮಾಡಲು ಮಧ್ಯಾಹ್ನವಿಡೀ ಲೈಬ್ರರಿಯಲ್ಲಿ ಕೂರಬೇಕಿತ್ತು. ಸಂಬಳ ಅಷ್ಟಕ್ಕಷ್ಟೇ, ಸಿಟ್ಟು ಮಾತ್ರ ಭರ್ತಿ. ಆದರೆ ಹಾಗೆ ಹುಡುಕುವಾಗಲೇ ನನಗೆ ಮೊಗ್ಗಲ್ಲಾನ ಸಿಕ್ಕಿದ್ದು. ಅವನ ವಿಷಯಕ್ಕೆ ಬರುತ್ತೇನೆ.

ಅದಕ್ಕೆ ಮುಂಚೆ ನಿಮ್ಮ ನಾಲ್ಕನೇ ಪುಟ. ‘ನಾನು ಹತ್ತು ದಿನಗಳ ವಿಪಶ್ಯನ ಶಿಬಿರಕ್ಕೆ ಹೋಗಿದ್ದೆ. ಆರಂಭದಲ್ಲಿ ಸ್ವಲ್ಪ ಕಷ್ಟವಾಯಿತು. ನಂತರ ಅಪಾರ ಶಾಂತಿ ದೊರೆಯಿತು.’ ಮೂರು ವಾಕ್ಯ, ಮುಗಿಯಿತು. ಆಮೇಲೆ ಮತ್ತೆ ಉಪನಿಷತ್ತು.

ಸ್ವಲ್ಪ ಕಷ್ಟ ಅಂದರೆ ಏನು? ಆ ಧ್ಯಾನ ಶಿಬಿರದಲ್ಲಿ ಬೆಳಗಿನ 4 ಗಂಟೆಗೆ ಎಬ್ಬಿಸುತ್ತಾರೆ. ಮಾತಿಲ್ಲ, ಫೋನಿಲ್ಲ, ಓದಲು ಪುಸ್ತಕವಿಲ್ಲ. ದಿನಕ್ಕೆ ಹೆಚ್ಚುಕಡಿಮೆ 10 ಗಂಟೆ ಕೂರಬೇಕು. ಮೊದಲ ಮೂರು ದಿನ ಮೂಗಿನ ಹತ್ತಿರ ಬಂದು ಹೋಗುವ ಉಸಿರನ್ನು ನೋಡುವುದಷ್ಟೇ ಕೆಲಸ. ಆಗ ಏನಾಯಿತು? ಮಂಡಿ ನೋವು ಬಂತಾ? ಪಕ್ಕದವರ ಕೆಮ್ಮು ಕೇಳಿ ಮೈ ಉರಿಯಿತಾ? ಯಾವತ್ತೋ ಮುಗಿದ ಜಗಳದ ಮಾತು ಮಾತೂ ನೆನಪಾಯಿತಾ? ಬ್ಯಾಗು ತೆಗೆದುಕೊಂಡು ಹೊರಟುಬಿಡೋಣ ಅನ್ನಿಸಲಿಲ್ವಾ? ಇಡೀ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಒಂದು ಸಾಲು. ನೀವು ಅದನ್ನೇ ಹಾರಿ ದಾಟಿದ್ದೀರಿ.

ನಿಮ್ಮ ಲೇಖನದ ಶೀರ್ಷಿಕೆ ಸ್ವಲ್ಪವಾದರೂ ನಿಜವಾಗುವ ಜಾಗ ಅದೇ. ಕೊನೆಗೆ ಏನು ಸಿಗುತ್ತದೆ ಅನ್ನುವುದರಲ್ಲಿ ಧರ್ಮಗಳು ಒಂದನ್ನೊಂದು ಒಪ್ಪುವುದಿಲ್ಲ. ಕಣ್ಣು ಮುಚ್ಚಿ ಕೂತಾಗ ಏನು ಕಾಡುತ್ತದೆ ಅನ್ನುವುದರಲ್ಲಿ ಮಾತ್ರ ಎಲ್ಲರದ್ದೂ ಒಂದೇ ದೂರು.

ಮೊಗ್ಗಲ್ಲಾನ ಬುದ್ಧನ ಇಬ್ಬರು ಮುಖ್ಯ ಶಿಷ್ಯರಲ್ಲಿ ಒಬ್ಬ. ಅಂಥವನೇ ಧ್ಯಾನಕ್ಕೆ ಕೂತು ತೂಕಡಿಸುತ್ತಿದ್ದ. ಬುದ್ಧ ಬಂದು ಅವನಿಗೆ ತತ್ವ ಹೇಳುತ್ತಾ ಕೂರಲಿಲ್ಲ. ಕೇಳಿ ಕಲಿತದ್ದನ್ನು ಗಟ್ಟಿಯಾಗಿ ಹೇಳಿಕೋ, ಕಿವಿ ಎಳೆದುಕೋ, ಮೈ ಕೈ ಉಜ್ಜಿಕೋ, ಎದ್ದು ಕಣ್ಣಿಗೆ ನೀರು ಹಾಕಿಕೋ, ನಕ್ಷತ್ರ ನೋಡು, ಅತ್ತಿಂದಿತ್ತ ನಡೆ ಅಂದ. ಯಾವುದಕ್ಕೂ ನಿದ್ದೆ ಹೋಗದಿದ್ದರೆ ಬಲಮಗ್ಗುಲಾಗಿ ಮಲಗಿಬಿಡು, ಎಚ್ಚರವಾದ ತಕ್ಷಣ ಏಳು ಅಂದ. ಇದನ್ನು ಓದಿದ ದಿನ ನಾನು ಲೈಬ್ರರಿಯಲ್ಲಿ ಒಬ್ಬನೇ ನಕ್ಕಿದ್ದೆ.

ಇನ್ನೊಬ್ಬ ಎವಾಗ್ರಿಯಸ್. 4ನೇ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಕ್ರೈಸ್ತ ಸನ್ಯಾಸಿ. ಮಧ್ಯಾಹ್ನದ ದೆವ್ವ ಅಂತ ಒಂದಿದೆ, ಎಲ್ಲಕ್ಕಿಂತ ಅದೇ ಭಾರ ಅನ್ನುತ್ತಾನೆ. ಅದು ಹಿಡಿದರೆ ಸೂರ್ಯ ಮುಂದಕ್ಕೇ ಹೋಗುವುದಿಲ್ಲ. ದಿನಕ್ಕೆ 50 ಗಂಟೆ ಇದೆ ಅನ್ನಿಸುತ್ತದೆ. ಸನ್ಯಾಸಿ ಕಿಟಕಿ ಕಡೆಗೇ ನೋಡುತ್ತಾನೆ. ಊಟದ ಹೊತ್ತಾಯಿತೇ ಅಂತ ಹೊರಗೆ ಬಂದು ಬಿಸಿಲು ನೋಡುತ್ತಾನೆ. ಯಾರಾದರೂ ಮಾತಾಡಿಸಲು ಬರುತ್ತಿದ್ದಾರಾ ಅಂತ ಇಣುಕುತ್ತಾನೆ. ನಿಮ್ಮ ಶಿಬಿರದ ಮಧ್ಯಾಹ್ನಗಳೂ ಹೀಗೇ ಇದ್ದವು, ಅಲ್ವಾ?

16ನೇ ಶತಮಾನದ ಸ್ಪೇನಿನಲ್ಲಿ ಅವಿಲಾದ ತೆರೇಸಾ ಇದ್ದಳು. ಮುಂದೆ ಸಂತಳಾದವಳು, ಹೊಸ ಮಠಗಳನ್ನು ಕಟ್ಟಿದವಳು. ಅವಳೇ ಬರೆದಿದ್ದಾಳೆ: ಪ್ರಾರ್ಥನೆಗೆ ಕೂತರೆ ಮನಸ್ಸೆಲ್ಲ ಗಡಿಯಾರ ಯಾವಾಗ ಹೊಡೆಯುತ್ತದೋ ಅನ್ನುವುದರ ಮೇಲೇ ಇರುತ್ತಿತ್ತು. ಒಂದೆರಡು ದಿನವಲ್ಲ, ಎಷ್ಟೋ ವರ್ಷ.

ಹುಬ್ಬಳ್ಳಿಯ ನಮ್ಮ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಸಾಹೇಬರೊಬ್ಬರಿದ್ದರು. ರಂಜಾನ್ ತಿಂಗಳಲ್ಲಿ ಸಂಜೆ ನಾಲ್ಕು ದಾಟಿದರೆ ಸ್ಟೂಲು ತಿರುಗಿಸಿ ಗೋಡೆ ಗಡಿಯಾರಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ‘ನೋಡಬಾರ್ದು ಅಂದ್ರೂ ಕಣ್ಣು ಅಲ್ಲೇ ಹೋಗ್ತಾವ್ರಿ’ ಅಂತ ನಗುತ್ತಿದ್ದರು. ವಿಶೇಷಾಂಕದ ಸರ್ವಧರ್ಮ ಲೇಖನಗಳಿಗೆಲ್ಲ ಮೊಳೆ ಜೋಡಿಸುತ್ತಿದ್ದವರು ಅವರೇ. ಅವುಗಳಲ್ಲಿ ಒಂದರಲ್ಲೂ ಗಡಿಯಾರದ ಸುದ್ದಿ ಇರುತ್ತಿರಲಿಲ್ಲ.

ಹೋಲಿಕೆ ಬೇಕೇ ಬೇಕು ಅಂದರೆ ಇದನ್ನು ನೋಡಿ. ‘ಕೊಂಬೆಯ ಮೇಲಣ ಮರ್ಕಟನಂತೆ ಲಂಘಿಸುವುದೆನ್ನ ಮನವು’ ಅಂತ ಬಸವಣ್ಣ ದೇವರ ಹತ್ತಿರ ಗೋಳು ಹೇಳಿಕೊಳ್ಳುತ್ತಾರೆ. ಅವರಿಗಿಂತ ಒಂದೂವರೆ ಸಾವಿರ ವರ್ಷಕ್ಕೂ ಮುಂಚೆ ಬುದ್ಧ ಭಿಕ್ಷುಗಳಿಗೆ, ಮನಸ್ಸು ಕಾಡಿನ ಕೋತಿಯ ಹಾಗೆ ಒಂದು ಕೊಂಬೆ ಬಿಟ್ಟು ಇನ್ನೊಂದು ಹಿಡಿಯುತ್ತದೆ ಅಂದಿದ್ದ. ಕೋತಿ ಒಂದೇ. ಮದ್ದು ಮಾತ್ರ ಬೇರೆ. ಬಸವಣ್ಣ ಕೂಡಲಸಂಗಮನ ಪಾದ ಹಿಡಿಯುತ್ತಾರೆ. ಬುದ್ಧ ಹಿಡಿಯಲು ಯಾರ ಪಾದವನ್ನೂ ತೋರಿಸುವುದಿಲ್ಲ. ಎರಡನ್ನೂ ಹೇಳಿ. ಬೇರೆಯಾದದ್ದನ್ನು ಮುಚ್ಚಿಟ್ಟರೆ ಒಂದೇ ಆದದ್ದನ್ನೂ ಓದುಗರು ನಂಬುವುದಿಲ್ಲ.

ಈಗ ನೀವು ಮಾಡಬೇಕಾದದ್ದು. ಮೊದಲ ಮೂರು ಪುಟ ತೆಗೆದುಬಿಡಿ. ಶಿಬಿರದ ಮೂರನೆಯ ದಿನವೋ ನಾಲ್ಕನೆಯ ದಿನವೋ, ನಿಮಗೆ ಅತಿ ಕೆಟ್ಟದಾಗಿ ಕಳೆದ ಒಂದು ದಿನವನ್ನು ಬೆಳಗಿನಿಂದ ರಾತ್ರಿವರೆಗೆ ಬರೆಯಿರಿ. ಶಾಂತಿಯ ಪ್ಯಾರಾ ಬೇಡ. ಉಲ್ಲೇಖ ಬೇಕಾದರೆ ಒಂದೇ ಒಂದು ಸಾಕು, ಅದನ್ನು ಯಾರಿಗೆ ಹೇಳಿದ್ದು ಅಂತ ಜೊತೆಗೇ ಬರೆಯಿರಿ. ಕಳಿಸುವಾಗ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ಫಾಂಟ್‌ನಲ್ಲಿ ಕಳಿಸಿದರೆ ಇಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ.