ಸಂಪಾದಕರ ಉತ್ತರ: ತಮ್ಮನ ಏಳು ಗುಳಿಗೆ

ಅಂಕೋಲಾ ಕಡೆಯ ಸೋದರಿಗೆ ನಮಸ್ಕಾರ. ಹೆಸರು ಅಚ್ಚಾಗುವುದು ಬೇಡ ಎಂದಿದ್ದೀರಿ, ಹಾಗೇ ಆಗಲಿ. ಕಾರವಾರದ ಬೈತಖೋಲ ಬಂದರಿನಿಂದ ಮೀನು ಹಿಡಿಯಲು ಬೋಟಿಗೆ ಹೋಗುವ ನಿಮ್ಮ ತಮ್ಮನಿಗೆ ಎಚ್‌ಐವಿ ಇದೆ. ಅದಕ್ಕೊಂದು, ಸಕ್ಕರೆ ಕಾಯಿಲೆಗೆ ಎರಡು, ಬಿಪಿಗೆ ಎರಡು, ಮೆಡಿಕಲ್ ಶಾಪಿನವರು ಶಕ್ತಿಗೆಂದು ಕೊಟ್ಟ ಕ್ಯಾಲ್ಸಿಯಂ ಮತ್ತು ಕಬ್ಬಿಣದ ಗುಳಿಗೆ ಒಂದೊಂದು. ಬೇಜಾರು ಬಂದ ದಿನ ಒಂದನ್ನೂ ಮುಟ್ಟುವುದಿಲ್ಲ. ‘ಎಚ್‌ಐವಿಯದ್ದು ಒಂದೇ ಗುಳಿಗೆಯಲ್ಲವೆ, ಅಷ್ಟು ನುಂಗಲು ಏನು ಕಷ್ಟ?’ ಎಂದು ಕೇಳಿದ್ದೀರಿ.

ಕಷ್ಟ ಇದೆ. ಅವನು ನುಂಗಬೇಕಾದದ್ದು ಏಳು, ಅದೂ ಕದ್ದುಮುಚ್ಚಿ.

1996ರ ಸುಮಾರಿಗೆ ಎಚ್‌ಐವಿಗೆ ಮೂರು ಔಷಧ ಕೂಡಿಸಿ ಕೊಡುವ ಚಿಕಿತ್ಸೆ ಬಂದಾಗ ಕೆಲವರಿಗೆ ದಿನಕ್ಕೆ ಇಪ್ಪತ್ತರ ಹತ್ತಿರ ಗುಳಿಗೆ ಬೀಳುತ್ತಿತ್ತು. ಇಂಡಿನಾವಿರ್ ಎಂಬುದನ್ನು ಎಂಟು ತಾಸಿಗೊಮ್ಮೆ, ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಮೂತ್ರಪಿಂಡದಲ್ಲಿ ಕಲ್ಲಾಗದಿರಲು ದಿನವಿಡೀ ನೀರು ಕುಡಿಯುತ್ತಿರಬೇಕು. ನಮ್ಮ ಸರ್ಕಾರ 2004ರ ಏಪ್ರಿಲ್ 1ರಂದು ಉಚಿತ ಚಿಕಿತ್ಸೆ ಆರಂಭಿಸಿದಾಗಲೂ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಎಂಬ ಲೆಕ್ಕವಿತ್ತು. ನಿಮ್ಮ ತಮ್ಮ ನುಂಗುವ ಈಗಿನ ಟಿಎಲ್‌ಡಿಯಲ್ಲಿ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರೂ ಔಷಧ ಒಂದೇ ಗುಳಿಗೆಯಲ್ಲಿವೆ. ಊಟದ ಮುಂಚೆಯೋ ನಂತರವೋ ಎಂಬ ಕಟ್ಟಳೆಯೂ ಇಲ್ಲ.

ಸಂಖ್ಯೆಯಿಂದ ಫಲಿತಾಂಶ ಬದಲಾಗುತ್ತದೆಯೇ? ಒಟ್ಟು 6,312 ಮಂದಿಯ 19 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಯೊಂದು 2014ರಲ್ಲಿ ಪ್ರಕಟವಾಯಿತು. ಎರಡು ಹೊತ್ತಿನ ಬದಲು ಒಂದೇ ಹೊತ್ತು ಮಾಡಿದ್ದರಿಂದ ತಪ್ಪದೆ ನುಂಗುವ ಪ್ರಮಾಣ ಶೇಕಡಾ ಎರಡೂವರೆಯಷ್ಟು ಮಾತ್ರ ಏರಿತ್ತು. ಆದರೆ ಗುಳಿಗೆಗಳ ಸಂಖ್ಯೆ ಹೆಚ್ಚಿದ್ದಲ್ಲಿ ತಪ್ಪಿಸುವುದೂ ಹೆಚ್ಚು, ವೈರಸ್ ಹತೋಟಿಗೆ ಬರುವುದೂ ಕಡಿಮೆ. ಅಲ್ಲಿ ಎಣಿಸಿದ್ದು ಎಚ್‌ಐವಿ ಗುಳಿಗೆಗಳನ್ನು, ನಿಜ. ಆದರೆ ನಿಮ್ಮ ತಮ್ಮ ಬಿಡುವಾಗ ಆರಿಸಿ ಬಿಡುತ್ತಿಲ್ಲ, ಏಳನ್ನೂ ಬಿಡುತ್ತಿದ್ದಾನೆ. ರಕ್ತದಲ್ಲಿ ಔಷಧ ಇಳಿದಾಗೆಲ್ಲ ವೈರಸ್ ಮತ್ತೆ ಹೆಚ್ಚುತ್ತದೆ, ಔಷಧಕ್ಕೆ ಬಗ್ಗದ ತಳಿಗೆ ದಾರಿಯಾಗುತ್ತದೆ.

ಆದ್ದರಿಂದ ಅವನನ್ನು ಬೈಯುವುದಕ್ಕಿಂತ ಏಳನ್ನು ಕಡಿಮೆ ಮಾಡುವ ದಾರಿ ನೋಡೋಣ. ಬಿಪಿಯ ಎರಡು ಔಷಧ ಸೇರಿದ ಒಂದೇ ಗುಳಿಗೆ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಬಹುದು. ಶಕ್ತಿಯ ಗುಳಿಗೆ ಯಾರೂ ಬರೆದುಕೊಟ್ಟದ್ದಲ್ಲ, ಬೇಕೇ ಬೇಕೆ ಎಂದೂ ಕೇಳಲಿ. ಕ್ಯಾಲ್ಸಿಯಂ, ಕಬ್ಬಿಣಗಳನ್ನು ಖಾಲಿ ಹೊಟ್ಟೆಯಲ್ಲಿ ಟಿಎಲ್‌ಡಿ ಜೊತೆ ನುಂಗಿದರೆ ಡೊಲುಟೆಗ್ರಾವಿರ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಊಟದೊಂದಿಗೆ ಆದರೆ ಅಡ್ಡಿಯಿಲ್ಲ. ಇಲ್ಲವಾದರೆ ಟಿಎಲ್‌ಡಿಯನ್ನು ಅವುಗಳಿಗಿಂತ ಎರಡು ತಾಸು ಮೊದಲು ಅಥವಾ ಆರು ತಾಸು ನಂತರ ತೆಗೆದುಕೊಳ್ಳಬೇಕು.

ಸಕ್ಕರೆ ಕಾಯಿಲೆಯ ಡಾಕ್ಟರರಿಗೆ ಎಚ್‌ಐವಿ ವಿಷಯ ಹೇಳಿಲ್ಲ ಎಂದು ಬರೆದಿದ್ದೀರಿ. ದಯವಿಟ್ಟು ಹೇಳಿಸಿ. ಡೊಲುಟೆಗ್ರಾವಿರ್ ಜೊತೆಯಲ್ಲಿ ಸಕ್ಕರೆ ಕಾಯಿಲೆಯ ಔಷಧ ಮೆಟ್‌ಫಾರ್ಮಿನ್ ರಕ್ತದಲ್ಲಿ ಹೆಚ್ಚು ನಿಲ್ಲುತ್ತದೆ, ಹಾಗಾಗಿ ಅದನ್ನು ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟಿಸುವುದಿಲ್ಲ. ಊರಿಗೆಲ್ಲ ಗೊತ್ತಾದೀತೆಂಬ ಭಯ ನನಗೆ ಅರ್ಥವಾಗುತ್ತದೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯಿದೆ ಅವನ ಒಪ್ಪಿಗೆಯಿಲ್ಲದೆ ಆ ವಿಷಯ ಬಾಯಿಬಿಡುವುದನ್ನು ನಿಷೇಧಿಸಿದೆ. ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತೆಯೂ ಇಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಸಾಲು: ‘ಬೋಟಿನಲ್ಲಿ ಡಬ್ಬಿ ಗಲಗಲ ಅಂದರೆ ತಾಂಡೇಲ (ಬೋಟಿನ ಮುಖ್ಯಸ್ಥ) ಕೇಳ್ತಾನೆ ಅಂತ ಮನೆಯಲ್ಲೇ ಬಿಟ್ಟು ಹೋಗ್ತಾನೆ.’ ಎಂಟು–ಹತ್ತು ದಿನದ ಮೀನುಗಾರಿಕೆಗೆ ಔಷಧವೇ ಇಲ್ಲದೆ ಹೋಗುತ್ತಾನೆ ಎಂದಾಯಿತು. ಡಬ್ಬಿಯೊಳಗೆ ಖಾಲಿ ಜಾಗಕ್ಕೆ ಒಣ ಹತ್ತಿ ತುಂಬಿ, ಸದ್ದಾಗದು. ಒಳಗಿರುವ ತೇವ ಹೀರುವ ಪುಟ್ಟ ಚೀಲ ಎಸೆಯಬೇಡಿ, ಸಮುದ್ರದ ಗಾಳಿಗೆ ಅದು ಬೇಕೇ ಬೇಕು. ಬಲೆ ಎಳೆಯುವ ಗಡಿಬಿಡಿಯಿಲ್ಲದ ಒಂದು ಹೊತ್ತನ್ನು ಅವನೇ ಗೊತ್ತುಮಾಡಿಕೊಳ್ಳಲಿ. ಟಿಎಲ್‌ಡಿ ಮರೆತರೆ ಅದೇ ದಿನ ನೆನಪಾದ ಕೂಡಲೇ ನುಂಗಲಿ. ಮರುದಿನ ಎರಡು ನುಂಗುವುದು ಬೇಡ.

ಮಳೆಗಾಲದ ಮೀನುಗಾರಿಕೆ ನಿಷೇಧವಿರುವುದರಿಂದ ಜುಲೈ 31ರವರೆಗೆ ಬೋಟುಗಳು ಹೇಗೂ ದಡದಲ್ಲಿವೆ. ಈ ವಾರವೇ ಏಳೂ ಗುಳಿಗೆಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಅವನು ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಲಿ. ಒಪ್ಪಿದರೆ ನೀವೂ ಜೊತೆಗೆ ಹೋಗಿ. ಎಷ್ಟು ದಿನ ತಪ್ಪಿಸಿದ್ದಾನೆ ಎಂಬುದನ್ನು ಮುಚ್ಚಿಡದೆ ಹೇಳಲಿ, ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ವೈರಲ್ ಲೋಡ್ ಪರೀಕ್ಷೆ ಕೇಳಲಿ, ಅದು ಉಚಿತ. ಹೋಗುವ ಮೊದಲು ಏನಾದರೂ ಕೇಳುವುದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ.